ಸೈಕಲ್ ಬಾರದವನಿಗೊಬ್ಬ ಲಾಯರು

ಮಾರ್ಚ್ 6

ರೀ, ಸಿಕ್ಕಿಬಿಟ್ಟರು, ನಮಗೆ ಲಾಯರ್ ಸಿಕ್ಕಿಬಿಟ್ಟರು!

ಮೊದಲು ಇದನ್ನು ಬರೆದುಬಿಟ್ಟೆ, ಈಗ ಉಸಿರು ಬಿಡುತ್ತೇನೆ. ಹೇಗಿದ್ದೀರಿ ಮೌನಿಗಳೇ? ಊಟ ಮಾಡಿದಿರಾ, ಶೀತ ಕಡಿಮೆಯಾಯಿತಾ? ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ನೀವು ‘ಹೂಂ’ ಎನ್ನುತ್ತೀರಿ, ಆಮೇಲೆ ಇನ್ನೊಂದು ‘ಹೂಂ’, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಅಲ್ಲವೇ ಪತ್ರವನ್ನೇ ಬರೆಯೋಣ ಎಂದು ನಾನು ಹಟ ಹಿಡಿದದ್ದು. ಕಾಗದ ಮುಂದಿಟ್ಟರೆ ನೀವು ನಾಲ್ಕು ಸಾಲಾದರೂ ಬರೆಯುತ್ತೀರಿ. ನನ್ನದು ನಾಲ್ಕು ಹಾಳೆಯಾಗುತ್ತದೆ. ಸರಾಸರಿ ಸರಿಹೋಯಿತು.

ಈಗ ಲಾಯರ್ ವಿಷಯ. ಶಿಶುವಿಹಾರ ಬಿಟ್ಟ ಕೂಡಲೇ ಮಕ್ಕಳನ್ನು ಅವರವರ ಅಮ್ಮಂದಿರ ಕೈಗೊಪ್ಪಿಸಿ, ಬೆರಳಿಗೆ ಅಂಟಿದ ಬಣ್ಣವನ್ನೂ ಸರಿಯಾಗಿ ತೊಳೆಯದೆ ಓಡಿದೆ. ದೊಡ್ಡ ಬೀದಿಯ ಗಾಜಿನ ಕಟ್ಟಡ, ಮೂರನೇ ಮಹಡಿ. ಲಿಫ್ಟಿನ ಬಾಗಿಲು ಮುಚ್ಚುವಾಗ ನಿಮ್ಮನ್ನು ನೆನೆದು ಒಬ್ಬಳೇ ನಕ್ಕೆ, ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್, ಹೊರದೇಶದಲ್ಲಿ ಇಂಥದ್ದನ್ನೇ ರಿಪೇರಿ ಮಾಡುತ್ತಾರೆ ಎಂದು ಅವರಿಗೆ ಹೇಳೋಣ ಎನ್ನುವಷ್ಟರಲ್ಲಿ ಮಹಡಿ ಬಂದುಬಿಟ್ಟಿತು.

ಆಫೀಸಿನ ಗೋಡೆ ತುಂಬ ಫೋಟೊಗಳು, ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡು ನಿಂತ ಗಂಡ ಹೆಂಡಿರದು. ಅಲ್ಲಿ ಎಲ್ಲರೂ ಲಾಯರನ್ನು ‘ಸರ್’ ಎನ್ನುತ್ತಾರೆ, ನಾನೂ ಅಂದೆ. ನೂರಕ್ಕೆ ನೂರು ಗ್ಯಾರಂಟಿಯಂತೆ. ವೀಸಾ ಕೊಡುವ ಕಡೆ ಅವರಿಗೆ ಗುರುತಿನವರಿದ್ದಾರಂತೆ. ಬೇಸಿಗೆ ಮುಗಿಯುವುದರೊಳಗೆ ನಾನು ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸುತ್ತಿರುತ್ತೇನೆ.

ಒಂದೇ ತೊಡಕು, ನಮ್ಮ ಕಥೆ. ಮದುವೆಗೆ ಮುಂಚೆ ಎಷ್ಟು ಸಲ ಭೇಟಿಯಾಗಿದ್ದೀರಿ ಎಂದರು. ಮೂರು ಎಂದೆ. ಮದುವೆಯಾದ ಮೇಲೆ ಎಷ್ಟು ದಿನ ಜೊತೆಗಿದ್ದಿರಿ ಎಂದರು. ಹನ್ನೊಂದು, ಆಮೇಲೆ ಅವರ ರಜೆ ಮುಗಿಯಿತು ಎಂದೆ. ಸರ್ ಪೆನ್ನು ಕೆಳಗಿಟ್ಟು, “ತೆಳು ಆಯ್ತಮ್ಮ, ಬಹಳ ತೆಳು. ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣುತ್ತೆ” ಎಂದರು. ವೀಸಾಕ್ಕಾಗಿ ಮಾಡಿಕೊಂಡ ಮದುವೆ ಎಂದು ಅಧಿಕಾರಿಗಳು ಅನುಮಾನಿಸುತ್ತಾರಂತೆ. ಹಾಗಾಗಿ ಕಥೆಗೆ ಸ್ವಲ್ಪ ಮೈ ತುಂಬಿಸಬೇಕಂತೆ. ನಾಲ್ಕು ವರ್ಷದ ಪ್ರೀತಿ ಅಂತ.

ರೀ, ಕಥೆ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ನಾನು. ಬಸ್ಸು ಮನೆಯ ಸ್ಟಾಪಿಗೆ ಬರುವಷ್ಟರಲ್ಲಿ ಪೂರ್ತಿ ತಯಾರು. ನಾನು ಲೈಬ್ರರಿಯ ಮೆಟ್ಟಿಲು ಇಳಿಯುತ್ತಿದ್ದೆ. ಜೋರು ಮಳೆ. ನೀವು ಸೈಕಲ್ಲಿನಲ್ಲಿ ಬಂದಿರಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕೊಡೆ. ನನ್ನ ಕೈಯಿಂದ ಪುಸ್ತಕ ಜಾರಿತು. ನೀವು ಸೈಕಲ್ಲನ್ನು ಅಲ್ಲೇ ಬಿಟ್ಟು ಪುಸ್ತಕ ಹಿಡಿದಿರಿ. ಆಮೇಲೆ ನಾಲ್ಕು ವರ್ಷ, ಪ್ರತಿ ಭಾನುವಾರ, ಅದೇ ಮೆಟ್ಟಿಲು. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂತು. ಬಾಯಿಪಾಠ ಮಾಡಿಕೊಳ್ಳಿ, ನಿಮ್ಮನ್ನೂ ಕೇಳುತ್ತಾರಂತೆ.

ವಿಮಾನ ನಿಲ್ದಾಣದಿಂದ ನಿಮ್ಮ ಕಡೆಗೆ ವೇಗದ ರೈಲು ಇದೆಯಂತೆ, ಅದನ್ನೂ ವಿಚಾರಿಸಿದ್ದೇನೆ. ಬಾಣದ ಹಾಗೆ ಬಂದು ಇಳಿಯುತ್ತೇನೆ.

ನಿಮ್ಮ ಚಿಲಿಪಿಲಿ


ಮಾರ್ಚ್ 19

ಚಿಲಿಪಿಲಿಗೆ,

ಪತ್ರ ತಲುಪಿತು. ಶೀತ ಕಡಿಮೆಯಾಗಿದೆ. ಊಟ ನಡೆಯುತ್ತಿದೆ.

ಈ ವಾರ ಒಂದು ಹಳೆಯ ಆಸ್ಪತ್ರೆಯ ಲಿಫ್ಟು. ಉಕ್ಕಿನ ಹಗ್ಗ ಬದಲಿಸಬೇಕು. ಕೆಳಗಿನ ಗುಂಡಿಯಲ್ಲಿ ನಿಂತು ನಿನ್ನ ಕಥೆ ಬಾಯಿಪಾಠ ಮಾಡುತ್ತಿದ್ದೇನೆ. ಯಾರ ಜೊತೆ ಮಾತಾಡ್ತಿದ್ದೀಯ ಎಂದು ಜೊತೆಗಾರ ಮೇಲಿನಿಂದ ಕೂಗಿ ಕೇಳಿದ.

ಕಥೆ ಚೆನ್ನಾಗಿದೆ. ನನಗೆ ಸೈಕಲ್ ತುಳಿಯಲು ಬರುವುದಿಲ್ಲ. ನಿನಗೆ ಗೊತ್ತಿರಲಿಕ್ಕಿಲ್ಲ, ನಾನು ಹೇಳಿರಲಿಲ್ಲ.

ಲಾಯರ್ ವಿಷಯ ನಿನ್ನ ಇಷ್ಟ.

ವೇಗದ ರೈಲು ನಮ್ಮೂರಿನಲ್ಲಿ ನಿಲ್ಲುವುದಿಲ್ಲ.

ಉಳಿದಂತೆ ಇಲ್ಲಿ ಎಲ್ಲ ಮಾಮೂಲು.

ಮೌನಿ


ಏಪ್ರಿಲ್ 1

ಮೌನಿಗಳೇ,

‘ನಿನ್ನ ಇಷ್ಟ’ ಎಂದು ಬರೆದ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಹೇಳಿ? ಆ ಪತ್ರವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದೇನೆ. ತಲೆ ಬಾಚುವಾಗಲೆಲ್ಲ ಓದುತ್ತೇನೆ. ಜೊತೆಯ ಟೀಚರಿಗೂ ಓದಿ ಹೇಳಿದೆ. ಆಕೆ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿ, “ಇದು ಒಪ್ಪಿಗೆನಾ, ಕೋಪನಾ?” ಎಂದಳು. ಅವಳಿಗೆ ಮದುವೆಯಾಗಿ ಎಂಟು ವರ್ಷ, ಎಲ್ಲದರಲ್ಲೂ ಕೋಪವೇ ಕಾಣುತ್ತದೆ, ಪಾಪ.

ಸೈಕಲ್ ಒಂದು ದೊಡ್ಡ ವಿಷಯವೇ? ಕಲಿತುಬಿಡಿ. ಇಲ್ಲದಿದ್ದರೆ ಕಥೆಯಲ್ಲಿ ಸ್ಕೂಟರ್ ಮಾಡೋಣ.

ನಿನ್ನೆ ಅಮ್ಮನನ್ನೂ ಸರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಫೋಟೊಗಳನ್ನು ನೋಡಿ ಖುಷಿಪಡಲಿ ಎಂದು. ಅಮ್ಮ ಗೋಡೆ ನೋಡಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೇಳಿದರು.

“ನೀವು ಲಾಯರಾ?”

“ಲಾಯರ್‌ಗಿಂತ ಹೆಚ್ಚು ಅಂದ್ಕೊಳ್ಳಿ ಅಮ್ಮ” ಎಂದು ಸರ್ ನಕ್ಕರು.

ಅಮ್ಮ ನಗಲಿಲ್ಲ. ಹೊರಗೆ ಬಂದ ಮೇಲೆ ಮೆಟ್ಟಿಲಿನಲ್ಲಿ ನಿಂತು, “ನಾಳೆ ಒಬ್ಬ ಬಂದು ಡಾಕ್ಟರ್‌ಗಿಂತ ಹೆಚ್ಚು ಅಂದ್ರೆ ಅವನ ಕೈಲಿ ಹೊಟ್ಟೆ ಕೊಯ್ಯಿಸ್ಕೋತೀಯೇನೆ?” ಎಂದರು. ಆಮೇಲೆ ಬಸ್ಸಿನಲ್ಲಿ ಒಂದೇ ಸಮನೆ ಶುರುಮಾಡಿದರು: ಅವನು ಯಾವ ದೇಶದ ಲಾಯರು, ಆ ದೇಶದಲ್ಲಿ ಲಾಯರಿಗೆ ಲೈಸೆನ್ಸ್ ಕೊಡುವವರು ಯಾರು, ನಿನ್ನ ಪಾಸ್‌ಪೋರ್ಟ್ ಎಲ್ಲಿದೆ. ಜೋಪಾನವಾಗಿದೆ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಜೋಪಾನವಾಗಿದೆ.

ಅಮ್ಮನ ಬಾಯಿ ಮುಚ್ಚಿಸುವುದಕ್ಕಾದರೂ ಅಲ್ಲಿ ಸ್ವಲ್ಪ ವಿಚಾರಿಸಿ ಬರೆಯುತ್ತೀರಾ? ನನಗೇನೂ ಅನುಮಾನವಿಲ್ಲ. ಅಮ್ಮನಿಗಾಗಿ ಅಷ್ಟೇ.

ನಿಮ್ಮ ಚಿಲಿಪಿಲಿ


ಏಪ್ರಿಲ್ 16

ಚಿಲಿಪಿಲಿಗೆ,

ಈ ಪತ್ರ ಸ್ವಲ್ಪ ಉದ್ದ.

ಅಮ್ಮ ಕೇಳಿದ್ದನ್ನು ವಿಚಾರಿಸಿದೆ. ಈ ದೇಶದಲ್ಲಿ ಇನ್ನೊಬ್ಬರ ಪರವಾಗಿ ವಲಸೆಯ ಅರ್ಜಿ ನಡೆಸಲು ಲೈಸೆನ್ಸ್ ಬೇಕು. ವಕೀಲರ ಸಂಘದ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಹೆಸರು, ನಂಬರು, ಯಾವ ಬಗೆಯ ಕೇಸು ನಡೆಸುತ್ತಾರೆ, ಯಾವಾಗಲಾದರೂ ಶಿಕ್ಷೆಯಾಗಿದೆಯೇ, ಎಲ್ಲ ಇರುತ್ತದೆ. ನಿನ್ನ ಸರ್ ಹೆಸರನ್ನು ಬೇರೆ ಬೇರೆ ಥರ ಬರೆದು ಹುಡುಕಿದೆ. ಇಲ್ಲ.

ಆ ಪಟ್ಟಿಯಿಂದ ಮೂವರನ್ನು ಆರಿಸಿ ಹೋಗಿ ನೋಡಿದೆ. ಮೊದಲನೆಯವರು ಮನೆ, ಜಮೀನಿನ ಕೇಸಿನವರು. ವಲಸೆಯದನ್ನೂ ಆಗಾಗ ಮಾಡುತ್ತಾರಂತೆ. ಆಗಾಗ ಲಿಫ್ಟ್ ರಿಪೇರಿ ಮಾಡುವವನ ಲಿಫ್ಟಿಗೆ ನಾನು ಹತ್ತುವುದಿಲ್ಲ. ಎರಡನೆಯ ಕಡೆ ಲಾಯರ್ ಮುಖವನ್ನೇ ನೋಡಲಿಲ್ಲ. ಎಲ್ಲ ಕೆಲಸ ಸಹಾಯಕರದ್ದು, ಕೊನೆಯಲ್ಲಿ ಸಾಹೇಬರ ಸಹಿ ಎಂದರು. ಮೂರನೆಯವರು ಒಬ್ಬ ಹೆಂಗಸು. ಬಟ್ಟೆ ಒಗೆಯುವ ಅಂಗಡಿಯ ಮೇಲೆ ಎರಡು ಕೋಣೆ, ಕಿಟಕಿಯ ಗಾಜಿನ ಮೇಲೆಲ್ಲ ಹಬೆ. ಕಾಲು ಮುರಿದಿದೆ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು. ಗೋಡೆಯ ಮೇಲೆ ಲೈಸೆನ್ಸ್ ನಂಬರ್ ಇದೆ, ಫೋನಿನಲ್ಲಿ ಸಂಘದ ಪಟ್ಟಿ ತೆಗೆದು ನೋಡಿ, ಆಮೇಲೆ ಕೂತುಕೊಳ್ಳಿ ಎಂದರು. ನೋಡಿದೆ. ಕೂತೆ.

ಹೆಂಡತಿಯನ್ನು ಮೊದಲು ನೋಡಿದ್ದು ಹೇಗೆ, ಹೇಳಿ ಎಂದರು.

ನಾನು ಸೈಕಲ್ ಕಥೆ ಹೇಳಿದೆ. ಒಂದು ಪದವೂ ಬಿಡದೆ. ಲೈಬ್ರರಿ, ಮಳೆ, ಕೊಡೆ, ಪುಸ್ತಕ. ಅವರು ಬರೆದುಕೊಳ್ಳುತ್ತಿದ್ದರು. ಆಮೇಲೆ ತಲೆಯೆತ್ತಿ, ಆ ಸೈಕಲ್ ಈಗ ಎಲ್ಲಿದೆ ಎಂದು ಕೇಳಿದರು. ನನ್ನ ಬಾಯಿಂದ, ನನಗೆ ಸೈಕಲ್ ಬರುವುದಿಲ್ಲ ಎಂದು ಬಂದುಬಿಟ್ಟಿತು.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಇಂಥದ್ದನ್ನ ನಾನು ಬರೆಯಲ್ಲ. ಒಂದು ಸುಳ್ಳು ಸಿಕ್ಕರೆ ನಿಮ್ಮ ಹೆಂಡತಿ ಮತ್ತೆ ಯಾವತ್ತೂ ಇಲ್ಲಿಗೆ ಬರಕ್ಕಾಗದೆ ಹೋಗಬಹುದು. ನಿಜವಾದದ್ದು ಒಂದಿದ್ದರೆ ಅದನ್ನ ತಗೊಂಡು ಬನ್ನಿ. ಸಣ್ಣದಿದ್ದರೂ ಪರವಾಗಿಲ್ಲ” ಎಂದರು. ಬಾಗಿಲನ್ನು ಎಳೆದುಕೊಂಡು ಹೋಗಿ ಎಂದೂ ಹೇಳಿದರು.

ನಿಜವಾದದ್ದನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅದು ನಿನಗೆ ಸಾಲದೆ ಹೋಯಿತೇನೋ, ಅದಕ್ಕೇ ನೀನು ಬೇರೆಯದು ಬರೆದೆಯೇನೋ ಎಂದುಕೊಂಡಿದ್ದೆ. ನೀನು ಬೇಡವೆಂದು ಬಿಟ್ಟದ್ದನ್ನು ನಾನೊಬ್ಬನೇ ಹೇಗೆ ಹೇಳಲಿ?

ಮೌನಿ


ಏಪ್ರಿಲ್ 27

ಪತ್ರ ಬಂದಾಗ ಅಮ್ಮ ಬಟಾಣಿ ಸುಲಿಯುತ್ತಿದ್ದರು. ನಾನು ಓದಿದೆ, ಅಳು ಬಂತು. ಪಾಸ್‌ಪೋರ್ಟ್ ಮೊದಲನೇ ದಿನದಿಂದಲೂ ಸರ್ ಹತ್ತಿರವೇ ಇದೆ ಎಂದು ಅಮ್ಮನಿಗೆ ಹೇಳಿದೆ. ಅದನ್ನೂ ಮದುವೆಯ ಸರ್ಟಿಫಿಕೇಟನ್ನೂ ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಿಮಗೆ ಬರೆಯಲಿಲ್ಲ, ಬೈಯುತ್ತೀರಿ ಎಂದಲ್ಲ. ನೀವು ಬೈಯುವುದಿಲ್ಲ, ಅದೇ ಕಷ್ಟ.

ಅಮ್ಮ ಎದ್ದರು. ಬಟಾಣಿಯ ಬುಟ್ಟಿಯನ್ನೂ ಎತ್ತಿಕೊಂಡು ನನ್ನನ್ನು ನೇರ ಸರ್ ಆಫೀಸಿಗೆ ಕರೆದುಕೊಂಡು ಹೋದರು. ಸರ್ ಮೀಟಿಂಗಿನಲ್ಲಿದ್ದಾರೆ ಎಂದು ಹೊರಗೆ ಕೂತಿದ್ದ ಹುಡುಗಿ ಹೇಳಿದಳು. ಸರಿಯಮ್ಮ, ಕಾಯ್ತೀವಿ ಎಂದು ಅಮ್ಮ ಸೋಫಾದ ನಡುವೆ ಕೂತು, ಗಾಜಿನ ಮೇಜಿನ ಮೇಲೆ ಬಟಾಣಿ ಸುಲಿಯತೊಡಗಿದರು. ಪಕ್ಕದಲ್ಲಿ ಕಾಯುತ್ತಿದ್ದವರನ್ನು ಒಬ್ಬೊಬ್ಬರಾಗಿ ಮಾತಿಗೆಳೆದರು. ನಿಮ್ಮ ಪಾಸ್‌ಪೋರ್ಟೂ ಒಳಗೇ ಇದೆಯಾ? ಇವರ ಲೈಸೆನ್ಸ್ ನಂಬರ್ ನಿಮಗೇನಾದ್ರೂ ಗೊತ್ತಾ, ನನಗೆ ಯಾರೂ ಹೇಳ್ತಿಲ್ಲ. ಬುಟ್ಟಿ ಅರ್ಧವಾಗುವ ಮೊದಲೇ ಮೀಟಿಂಗ್ ಮುಗಿಯಿತು. ಪಾಸ್‌ಪೋರ್ಟು, ಸರ್ಟಿಫಿಕೇಟು ಎರಡೂ ಈಗ ನನ್ನ ದಿಂಬಿನ ಕೆಳಗಿವೆ. ಸಿಪ್ಪೆ ಅವರ ಮೇಜಿನ ಮೇಲೆ ಉಳಿಯಿತು.

ಈಗ ನಿಜವಾದದ್ದು. ಇದು ನಿಮಗೂ ಗೊತ್ತಿಲ್ಲ.

ನಿಮ್ಮ ದೊಡ್ಡಮ್ಮ ನಿಮ್ಮನ್ನು ನಮ್ಮ ಮನೆಗೆ ಮೊದಲ ಸಲ ಕರೆತಂದ ದಿನ ನೆನಪಿದೆಯಾ? ನಮ್ಮ ಮುಂಬಾಗಿಲಿನ ಚಿಲಕ ಸಡಿಲ. ಗಾಳಿ ಬಂದರೆ ಧಡಾರನೆ ಬಡಿದುಕೊಳ್ಳುತ್ತದೆ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅವತ್ತು ಎರಡು ಸಲ ಬಡಿಯಿತು. ಆಮೇಲೆ ಬಡಿಯಲಿಲ್ಲ. ಎಲ್ಲರೂ ಮಾತಿನಲ್ಲಿ ಮುಳುಗಿದ್ದರು. ನಾನು ಟೀ ಕೊಡಲು ಬಗ್ಗಿದಾಗ ನೋಡಿದೆ, ನೀವು ಕಾಲು ಚಾಚಿ ಬಾಗಿಲಿಗೆ ಒತ್ತಿ ಹಿಡಿದಿದ್ದಿರಿ. ಟೀ ಕುಡಿದದ್ದೂ ಹಾಗೆಯೇ, ನನ್ನ ಶಾಲೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದೂ ಹಾಗೆಯೇ. ನೀವು ಹೊರಟ ಮರುಕ್ಷಣ ಬಾಗಿಲು ಬಡಿಯಿತು. “ಇಷ್ಟು ಹೊತ್ತು ಏನಾಗಿತ್ತೋ ಈ ದರಿದ್ರದ ಬಾಗಿಲಿಗೆ” ಎಂದರು ಅಮ್ಮ. ನನಗೊಬ್ಬಳಿಗೇ ಗೊತ್ತಿತ್ತು. ನಾನು ಒಪ್ಪಿದ್ದು ಆಗಲೇ. ಬಸ್ ಸ್ಟಾಪಿನ ಎರಡನೇ ಭೇಟಿ, ನೀವು ಬಂದ ಬಸ್ಸನ್ನೆಲ್ಲ ಬಿಟ್ಟುಕೊಂಡು ನನ್ನ ಮಾತು ಕೇಳಿದ್ದು, ಮೂರನೆಯ ಸಲ “ನೀವು ಮಾತಾಡ್ತಿದ್ರೆ ನನಗೆ ಇಳಿಯೋ ಸ್ಟಾಪ್ ಮರೆತುಹೋಗುತ್ತೆ” ಎಂದಿದ್ದು, ಇವೆಲ್ಲ ಆಮೇಲಿನವು.

ನನಗೆ ಸಾಲದೆ ಹೋಗಲಿಲ್ಲ ರೀ. ಕಾಲಿನಿಂದ ಬಾಗಿಲು ಹಿಡಿದವನನ್ನು ಒಬ್ಬಳು ಅದಕ್ಕೇ ಮದುವೆಯಾದಳು ಎಂದರೆ ಯಾವ ಅಧಿಕಾರಿ ನಂಬುತ್ತಾನೆ ಎಂದು ಹೆದರಿದೆ. ಅಷ್ಟೇ.

ಪ್ಲಾಸ್ಟರ್ ಕಾಲಿನವರ ಹತ್ತಿರ ಮತ್ತೆ ಹೋಗಿ. ನಮ್ಮ ಕೇಸಿನಲ್ಲಿ ತೆಳುವಾಗಿರುವುದು ಯಾವುದು ಎಂದು ಕೇಳಿ, ಕೆಲಸ ಅವರೇ ಮಾಡುತ್ತಾರಾ ಕೇಳಿ, ಫೀಸನ್ನು ಬರೆದು ಕೊಡುತ್ತಾರಾ ಕೇಳಿ. ಗ್ಯಾರಂಟಿ ಎಂದರೆ ಮಾತ್ರ ಅಲ್ಲಿಂದ ಎದ್ದು ಓಡಿ.

ಚಿಲಿಪಿಲಿ


ಮೇ 12

ಚಿಲಿಪಿಲಿಗೆ,

ಹೋಗಿದ್ದೆ. ಅವರಿಗೆ ನನ್ನ ಗುರುತು ಸಿಕ್ಕಿತು. ಸೈಕಲ್ ಬಾರದವರು ಬಂದಿರಾ ಎಂದರು.

ನಿಜವಾದದ್ದನ್ನು ಹೇಳಿದೆ. ಬಾಗಿಲಿನದನ್ನೂ. ಬಹಳ ಹೊತ್ತು ಬೇಕಾಗಲಿಲ್ಲ. ಅವರು ತಮ್ಮ ಪ್ಲಾಸ್ಟರ್ ಕಾಲನ್ನು ನೋಡಿಕೊಂಡು, ಕಾಲಿನ ಬೆಲೆ ನನಗೆ ಹೇಳಬೇಡಿ ಎಂದು ನಕ್ಕರು. ಆಮೇಲೆ, ಹೆಂಡತಿಯಲ್ಲಿ ನಿಮಗೆ ಆಗದ ಗುಣ ಯಾವುದು ಎಂದು ಕೇಳಿದರು. ನಾನು ಶುರುಮಾಡಿದ ವಾಕ್ಯವನ್ನು ಅವಳು ಮುಗಿಸುತ್ತಾಳೆ, ತಪ್ಪಾಗಿ ಮುಗಿಸುತ್ತಾಳೆ ಎಂದೆ. ಅದನ್ನು ಬರೆದುಕೊಂಡರು. ಹನ್ನೊಂದು ದಿನದಲ್ಲಿ ಇಷ್ಟು ತಿಳಿದಿದೆಯಲ್ಲ ಎಂದರು.

ನೀನು ಹೇಳಿದ್ದನ್ನೆಲ್ಲ ಕೇಳಿದೆ. “ಕೆಲಸ ನಾನೇ ಮಾಡ್ತೀನಿ, ಫೋನ್ ಮಾಡಿದ್ರೆ ನಾನೇ ಎತ್ತುತ್ತೀನಿ. ಕೊನೆಗೆ ಏನಾಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ” ಎಂದರು. ಫೀಸು, ಅವರು ಮಾಡುವ ಕೆಲಸ, ಮಾಡದ ಕೆಲಸ, ಎಲ್ಲ ಬರೆದು ಕೊಟ್ಟರು. ಮನೆಗೆ ಒಯ್ದು ಓದಿ, ನಾಳೆ ಸಹಿ ಮಾಡಿ ಎಂದರು. ಮರುದಿನ ಮಾಡಿದೆ.

ಇನ್ನೊಂದು. ಎಲ್ಲ ಮಾಮೂಲು ಎಂದು ಬರೆದಿದ್ದೆನಲ್ಲ, ಮಾಮೂಲಲ್ಲ. ಫೆಬ್ರವರಿಯಲ್ಲೇ ನಮ್ಮ ಕಂಪನಿಯನ್ನು ಬೇರೆಯವರು ಕೊಂಡರು. ನನ್ನ ಕೆಲಸದ ಪರವಾನಗಿ ಹಳೆಯ ಮಾಲೀಕರ ಹೆಸರಿನಲ್ಲೇ ಇದೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ, ನಿನಗೆ ಹೇಳಿ ಗಾಬರಿಪಡಿಸುವುದು ಬೇಡ ಎಂದುಕೊಂಡೆ. ಲಾಯರಮ್ಮ ಕೂತಲ್ಲೇ ಅದನ್ನು ಹಿಡಿದರು. ಮೊದಲು ಅದನ್ನು ಸರಿಪಡಿಸಬೇಕು, ನಿನ್ನ ಅರ್ಜಿ ಆಮೇಲೆ. ಹಾಗೆಯೇ ಹಾಕಿದ್ದರೆ ಬಾಗಿಲಲ್ಲೇ ವಾಪಸಾಗುತ್ತಿತ್ತಂತೆ. ಅಂದರೆ ಬೇಸಿಗೆಯಲ್ಲಿ ನೀನು ಬರುವುದಿಲ್ಲ.

ಆ ದಿನ ನನ್ನ ಕಾಲು ಜೋಮು ಹಿಡಿದಿತ್ತು. ನೀನು ನೋಡಿದ್ದು ಗೊತ್ತಿರಲಿಲ್ಲ.

ಮೌನಿ


ಜುಲೈ 30

ರೀ,

ಇವತ್ತು ಬರೆಯಲು ಏನೂ ಇಲ್ಲ. ಶಿಶುವಿಹಾರದಲ್ಲಿ ಮಕ್ಕಳು, ಟೀಚರ್ ನೀವು ಯಾವಾಗ ಹೋಗ್ತೀರ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ. ಅಮ್ಮ ಚೆನ್ನಾಗಿದ್ದಾರೆ. ಬಾಗಿಲು ಬಡಿಯುತ್ತಲೇ ಇದೆ, ಚಿಲಕ ಸರಿಮಾಡಿಸಲು ನಾನು ಬಿಡುತ್ತಿಲ್ಲ.

ಚಿಲಿಪಿಲಿ


ಆಗಸ್ಟ್ 14

ಚಿಲಿಪಿಲಿಗೆ,

ನಿನ್ನ ಪತ್ರ ನನ್ನ ಪತ್ರದ ಹಾಗಿತ್ತು. ಓದಿ ಕಳವಳವಾಯಿತು. ಹಾಗಾಗಿ ಈ ಸಲ ನಾನೇ ನಿನ್ನ ಹಾಗೆ ಬರೆಯುತ್ತೇನೆ, ತಡೆದುಕೋ.

ಮೊದಲು ಸುದ್ದಿ. ಹೊಸ ಮಾಲೀಕರ ಹೆಸರಿನಲ್ಲಿ ಪರವಾನಗಿ ಬಂತು. ಸೋಮವಾರ ನಿನ್ನ ಅರ್ಜಿಯೂ ಹೋಯಿತು. ಲಾಯರಮ್ಮ ಪ್ಲಾಸ್ಟರ್ ತೆಗೆಸಿದ್ದಾರೆ. ಕೋಲು ಊರಿಕೊಂಡು ಮೆಟ್ಟಿಲು ಇಳಿದು ಬಂದು ನನಗೆ ಅದರ ಪ್ರತಿ ಕೊಟ್ಟರು. ಕಳಿಸುವ ಮೊದಲು ಪ್ರತಿ ಸಾಲನ್ನೂ ನನ್ನಿಂದ ಓದಿಸಿದ್ದರು. ನಾವು ಮೂರು ಸಲ ಭೇಟಿಯಾದದ್ದು ಅದರಲ್ಲಿ ಮೂರೇ ಎಂದಿದೆ. ನೋಡಲು ಚಿಕ್ಕದಾಗಿ ಕಾಣಲಿಲ್ಲ.

ಕೋಣೆಗೆ ಎರಡನೇ ಕುರ್ಚಿ ತಂದಿದ್ದೇನೆ. ಒಂದು ಕಾಲು ಗಿಡ್ಡ ಇತ್ತು, ಕೆಳಗೆ ರಬ್ಬರ್ ತುಂಡು ಹಾಕಿದೆ. ಗೋಡೆಗೆ ಇನ್ನೊಂದು ಗೂಟ ಹೊಡೆದೆ, ನಿನ್ನ ಎತ್ತರಕ್ಕೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಕೆಳಗಿನ ಮನೆಯವರು ಸೂರು ಕುಟ್ಟುತ್ತಾರೆ. ನನ್ನ ಹೆಂಡತಿ ಬರುತ್ತಾಳೆ ಎಂದು ಅವರಿಗೆ ಮುಂಚೆಯೇ ಹೇಳಿಟ್ಟಿದ್ದೇನೆ.

ಭಾನುವಾರ ಸೈಕಲ್ ಕಲಿಯುತ್ತಿದ್ದೇನೆ. ಜೊತೆಗಾರ ಹಿಂದಿನಿಂದ ಹಿಡಿದುಕೊಂಡು ಓಡುತ್ತಾನೆ. ಎರಡು ಸಲ ಬಿದ್ದೆ. ಎರಡೂ ಕೈ ಹ್ಯಾಂಡಲ್ ಮೇಲಿದ್ದಾಗಲೇ ಹೀಗೆ. ಕೊಡೆಯ ಮಾತು ಎತ್ತಬೇಡ.

ಚಿಲಕ ಸರಿಮಾಡಿಸಬೇಡ.

ಮೌನಿ


ಅಕ್ಟೋಬರ್ 9

ಮೌನಿಗಳೇ,

ವೀಸಾ ಸಂದರ್ಶನ ಮುಗಿಯಿತು.

ಹಿಂದಿನ ದಿನ ಲಾಯರಮ್ಮ ಫೋನ್ ಮಾಡಿದ್ದರು. ಅವರ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದೆ, ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಒಂದು ಉಪಯೋಗವಾಯಿತು. ಉತ್ತರ ಹೀಗೆ ಹೇಳಿ, ಹಾಗೆ ಹೇಳಿ ಎಂದು ಕಲಿಸುತ್ತಾರೇನೋ ಎಂದುಕೊಂಡಿದ್ದೆ. ಏನೂ ಕಲಿಸಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೆನಪಿಲ್ಲದಿದ್ದರೆ ನೆನಪಿಲ್ಲ, ಅಷ್ಟೇ ಎಂದರು. ಆಮೇಲೆ, ನಿಮ್ಮ ಗಂಡ ಎಚ್ಚರಿಸಿದ್ದಾರೆ, ನಿಮಗೆ ಇದು ಕಷ್ಟವಾಗುತ್ತದಂತೆ ಎಂದರು. ರೀ, ಇದಕ್ಕೆ ಬಂದು ನಿಮ್ಮನ್ನು ವಿಚಾರಿಸಿಕೊಳ್ಳುತ್ತೇನೆ.

ಗಾಜಿನ ಆ ಕಡೆ ಕನ್ನಡಕದ ಮಹಿಳಾ ಅಧಿಕಾರಿ, ಪಕ್ಕದಲ್ಲಿ ನಮ್ಮ ಭಾಷೆ ಬಲ್ಲ ದುಭಾಷಿ. ಯಾವ ಭಾಷೆ ಬೇಕು ಎಂದು ಕೇಳಿದರು, ಕನ್ನಡ ಎಂದೆ. ನಿಮ್ಮ ಬಗ್ಗೆ ಮಾತಾಡುವಾಗ ಅದೇ ಸಲೀಸು. ನಾನು ಒಂದೊಂದೇ ಮಾತಿನ ಉತ್ತರ ಕೊಟ್ಟೆ, ಅಮ್ಮ ಇದ್ದಿದ್ದರೆ ನನಗೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಗಂಡನ ಕೆಲಸ ಏನು? ಲಿಫ್ಟ್ ಮೆಕ್ಯಾನಿಕ್. ಅವರಿಗೆ ಯಾವ ತಿಂಡಿ ಇಷ್ಟ? ಗೊತ್ತಿಲ್ಲ, ಕೊಟ್ಟದ್ದನ್ನೆಲ್ಲ ತಿಂದರು. ಮದುವೆಗೆ ಮುಂಚೆ ಎಷ್ಟು ಸಲ ಭೇಟಿ? ಮೂರು.

ಅವರು ಕನ್ನಡಕ ತೆಗೆದರು. ದುಭಾಷಿ ನನ್ನ ಕಡೆ ತಿರುಗಿ, “ಮೂರೇ ಸಲನಾ? ಒಬ್ಬರನ್ನ ತಿಳ್ಕೊಳ್ಳಕ್ಕೆ ಅಷ್ಟು ಸಾಕಾ ಅಂತ ಕೇಳ್ತಿದ್ದಾರೆ” ಎಂದಳು.

ಲೈಬ್ರರಿಯ ಮೆಟ್ಟಿಲು, ಮಳೆ, ನಾಲ್ಕು ವರ್ಷದ ಭಾನುವಾರಗಳು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ನುಂಗಿಕೊಂಡೆ.

“ಸಾಲದು ಮೇಡಂ” ಎಂದೆ. “ಅದಕ್ಕೇ ಅವರ ಹತ್ತಿರ ಹೋಗಬೇಕು ಅಂತಿರೋದು.”

ದುಭಾಷಿ ತುಸು ನಕ್ಕಂತಾಗಿ ಅದನ್ನು ಹೇಳಿದಳು. ಅಧಿಕಾರಿ ನಗಲಿಲ್ಲ. ಕನ್ನಡಕ ಹಾಕಿಕೊಂಡು ಏನೋ ಬರೆದರು, ಹೋಗಬಹುದು ಎಂದರು. ಏನು ಬರೆದರೋ ಗೊತ್ತಿಲ್ಲ. ಲಾಯರಮ್ಮನನ್ನು ಕೇಳಿದೆ, ಅವರಿಗೂ ಗೊತ್ತಿಲ್ಲವಂತೆ. ಗೊತ್ತಿಲ್ಲ ಎಂದು ಇಷ್ಟು ಧೈರ್ಯ ಕೊಡುವ ಹಾಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಿಮ್ಮ ಚಿಲಿಪಿಲಿ


ನವೆಂಬರ್ 2

ವೀಸಾ ಬಂತು ರೀ.

ಅಮ್ಮ ಪಾಸ್‌ಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಆ ಕಡೆ ಏನೂ ಕಾಣಲಿಲ್ಲವಂತೆ. ಆಮೇಲೆ ನನಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಒಲೆ ಒರೆಸಿದರು. ಲಾಯರಮ್ಮನಿಗೆ ಫೋನ್ ಮಾಡಿ, ನನ್ನ ಪಾಲಿನ ಮಾತನ್ನೆಲ್ಲ ಒಟ್ಟಿಗೆ ಆಡಿಬಿಟ್ಟೆ. ಅವರು ಕೇಳಿ ಮುಗಿಸಿ, ಬಂದ ಮೇಲೆ ಮಾಡಿಸಬೇಕಾದ ನೋಂದಣಿ ಯಾವುದು ಎಂದು ಹೇಳಿದರು. ನೀವೂ ಅವರೂ ಒಂದೇ ಜಾತಿಯ ಮೌನಿಗಳು.

ಅಮ್ಮನ ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ಇನ್ನು ನಾನಿರುವುದಿಲ್ಲವಲ್ಲ.

ಎರಡು ಪೆಟ್ಟಿಗೆ ತರುತ್ತಿದ್ದೇನೆ, ಆದ್ದರಿಂದ ಸೈಕಲ್ ತರಬೇಡಿ. ರೈಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ. ಎರಡನೇ ಪೆಟ್ಟಿಗೆ ಇಳಿಸುವವರೆಗೆ ಅದನ್ನು ಹಿಡಿದುಕೊಳ್ಳುವುದು ಹೇಗೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ವೇಗದ ರೈಲು ನಿಮ್ಮೂರಿನಲ್ಲಿ ನಿಲ್ಲುವುದಿಲ್ಲ ಎಂದು ಮಾರ್ಚಿನಲ್ಲೇ ಹೇಳಿದ್ದಿರಿ, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾನುವಾರ, ನವೆಂಬರ್ ಹದಿನೇಳು, ಸಂಜೆ ನಾಲ್ಕೂಕಾಲಿಗೆ ಬರುವ, ಎಲ್ಲ ನಿಲ್ದಾಣದಲ್ಲೂ ನಿಂತು ನಿಂತು ಬರುವ ಆ ನಿಧಾನದ ರೈಲು.